ಹನ್ನೊಂದು ವರ್ಷ ಬೆನ್ನು ನೋಡಿದವಳು

ದೊಡ್ಡಕ್ಕ ತೀರಿಕೊಂಡಳು. ಬುಧವಾರ ಮಧ್ಯಾಹ್ನ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಶಿಶುಶಾಲೆಯ ಹಳದಿ ಕೋಣೆಯ ಹಿಂಬದಿಯ ಕುರ್ಚಿಯಲ್ಲಿ. ವಯಸ್ಸು ಐವತ್ತೇಳು. ಹೃದಯ ನಿಂತಿದೆ ಎಂದು ವೈದ್ಯರು ಬರೆದುಕೊಟ್ಟರು.

ಮೊದಲು ನೋಡಿದ್ದು ಆಯಾ. ನೆಲ ಒರೆಸಲು ಬಕೆಟ್ಟು ಹಿಡಿದು ಬಂದವಳು, "ಅಕ್ಕಾ, ಸ್ವಲ್ಪ ಕಾಲೆತ್ತಿ" ಎಂದಳು. ಕಾಲು ಏಳಲಿಲ್ಲ. ಆಯಾ ಬೇಸರ ಮಾಡಿಕೊಳ್ಳದೆ ಕುರ್ಚಿಯ ಸುತ್ತಲೇ ಒರೆಸಿ ಮುಗಿಸಿದಳು. ಆ ಕುರ್ಚಿಯಲ್ಲಿ ಕೂತಾಗ ದೊಡ್ಡಕ್ಕ ಮಾತಾಡುವುದಿಲ್ಲ, ಅಲುಗುವುದಿಲ್ಲ ಎನ್ನುವುದು ಇಡೀ ಶಾಲೆಗೆ ಗೊತ್ತಿದ್ದ ಸಂಗತಿ. ಕೊಳೆನೀರು ಚೆಲ್ಲಿ ಮತ್ತೆ ಬಂದಾಗಲೂ ಅವಳು ಹಾಗೇ ಇದ್ದಳು. ಆಗ ಆಯಾಳ ಕಣ್ಣು ಅವಳ ಕೈಗಳ ಮೇಲೆ ಬಿತ್ತು. ಕೈ ಖಾಲಿ ಇತ್ತು. ಆ ಕುರ್ಚಿಯಲ್ಲಿ ಕೂತ ದೊಡ್ಡಕ್ಕನ ಕೈಯಲ್ಲಿ ಬಿಳಿಯ ಬೂಟುದಾರ ಇಲ್ಲದ್ದನ್ನು ಆಯಾ ಒಂದು ದಿನವೂ ಕಂಡಿರಲಿಲ್ಲ. ಬಕೆಟ್ಟು ಕೆಳಗಿಟ್ಟು ಹತ್ತಿರ ಹೋದದ್ದು ಅದಕ್ಕೆ. ಮುಖ ನೋಡಿದ್ದು ಆಮೇಲೆ.

ದಾರದ ಕಥೆ ಹೇಳಬೇಕೆಂದರೆ ಕುರ್ಚಿಯಿಂದ ಶುರು ಮಾಡಬೇಕು.

ದೊಡ್ಡಕ್ಕ ಇಪ್ಪತ್ತಾರನೇ ವಯಸ್ಸಿಗೆ ಆ ಶಾಲೆ ಸೇರಿದಳು. ಇಪ್ಪತ್ತು ವರ್ಷ ಹಳದಿ ಕೋಣೆ ಅವಳದಾಗಿತ್ತು. ಮೂರೂವರೆಯಿಂದ ಐದು ವರ್ಷದ ಮಕ್ಕಳು, ಮೊಣಕಾಲೆತ್ತರದಲ್ಲಿ ಸಾಲು ಗೂಟಗಳಿಗೆ ತೂಗುಹಾಕಿದ ಚೀಲಗಳು, ಕಿಟಕಿಯ ಕೆಳಗೆ ಮರಳಿನ ತೊಟ್ಟಿ. ಅವಳು ಕೂಗಿದ್ದನ್ನು ಯಾರೂ ಕೇಳಿದವರಿಲ್ಲ. ಕೋಣೆಯಲ್ಲಿ ಗದ್ದಲ ಹೆಚ್ಚಾದರೆ ಅವಳು ನೆಲದಲ್ಲಿ ಕೂತು ತನ್ನ ಏಪ್ರನ್ನಿನ ಜೇಬಿನೊಳಗೆ ಏನನ್ನೋ ಬಹಳ ಗಮನವಿಟ್ಟು ನೋಡತೊಡಗುತ್ತಿದ್ದಳು. ಎರಡು ನಿಮಿಷದಲ್ಲಿ ಇಡೀ ಕೋಣೆ ಜೇಬಿನ ಸುತ್ತ ಸೇರಿ ಉಸಿರು ಬಿಗಿಹಿಡಿದಿರುತ್ತಿತ್ತು. ಜೇಬಿನಲ್ಲಿ ಹೆಚ್ಚಾಗಿ ಏನೂ ಇರುತ್ತಿರಲಿಲ್ಲ.

ಹೊಸ ಟೀಚರುಗಳು ಆ ಶಾಲೆಗೆ ಬರುತ್ತಿದ್ದರು, ಅಳುತ್ತಿದ್ದರು, ಬಿಟ್ಟು ಹೋಗುತ್ತಿದ್ದರು. ಅವಳಿಗೆ ನಲವತ್ತಾರಾದಾಗ ಶಾಲೆಯ ಮುಖ್ಯಸ್ಥೆ ಅವಳನ್ನು ಕರೆದು ಒಂದು ಬೆರಳೆತ್ತಿ ತೋರಿಸಿದಳು.

"ಒಂದೇ ಒಂದು ವರ್ಷ, ದೊಡ್ಡಕ್ಕ. ಹೊಸಬರಿಗೆ ಕೈ ಹಿಡಿದು ಕಲಿಸಿ. ಹಳದಿ ಕೋಣೆ ಎಲ್ಲೂ ಓಡಿಹೋಗಲ್ಲ."

ಕೋಣೆ ಎಲ್ಲೂ ಹೋಗಲಿಲ್ಲ. ಅವಳು ಅದರ ಹಿಂದಿನ ಗೋಡೆಗೆ ಹೋದಳು.

ಮೊದಲ ವಾರವೇ ಒಂದು ತಪ್ಪು ನಡೆಯಿತು, ಅದೂ ಅವಳಿಂದ. ಅವಳು ಕಲಿಸಬೇಕಿದ್ದ ಮೊದಲ ಹೊಸ ಟೀಚರ್ ಒಳ್ಳೆಯ ಹುಡುಗಿ, ದನಿ ಮಾತ್ರ ಸಣ್ಣದು. ಬೆಳಿಗ್ಗೆ ಒಂದು ಮಗು ಬಾಗಿಲಲ್ಲಿ ನಿಂತು ಅಮ್ಮ ಬೇಕೆಂದು ಅಳತೊಡಗಿತು. ಹುಡುಗಿ ಸಮಾಧಾನ ಮಾಡಿದಳು, ಮಗು ಇನ್ನೂ ಜೋರು ಮಾಡಿತು. ದೊಡ್ಡಕ್ಕನಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಮಗುವನ್ನು ಎತ್ತಿಕೊಂಡಳು. ಅಳು ಸ್ವಿಚ್ಚು ಒತ್ತಿದಂತೆ ನಿಂತಿತು. ಅಷ್ಟೇ ಆದದ್ದು. ಮರುದಿನ ಯಾವ ಮಗುವೂ ಆ ಹುಡುಗಿಯ ಮಾತು ಕೇಳಲಿಲ್ಲ. ಬಿದ್ದ ಮಗು ಎದ್ದು ಹಿಂದಕ್ಕೆ ಓಡಿ ಬಂತು. ಬಣ್ಣ ಚೆಲ್ಲಿದ ಮಗು ಹಿಂದಕ್ಕೆ ತಿರುಗಿ ನೋಡಿತು. ಕೋಣೆಯಲ್ಲಿ ಟೀಚರ್ ಯಾರು ಎಂಬುದು ಮಕ್ಕಳಿಗೆ ಗೊತ್ತಾಗಿಹೋಗಿತ್ತು. ಹುಡುಗಿ ಮೂರು ವಾರ ಮಕ್ಕಳ ಬೆನ್ನಿನ ಜೊತೆ ಮಾತಾಡಿ, ನಾಲ್ಕನೇ ವಾರ ಬರಲಿಲ್ಲ.

"ನಾನು ಮಗೂನ ಎತ್ಕೊಳ್ಳಿಲ್ಲ. ಅವಳ ಕೆಲಸನ ಎತ್ಕೊಂಡೆ" ಎಂದು ದೊಡ್ಡಕ್ಕ ಆ ಸಂಜೆ ಗಂಡನಿಗೆ ಹೇಳಿದಳು.

ಅಂದೇ ಅವಳು ಒಂದು ಕಾಗದದಲ್ಲಿ ಮೂರು ಸಾಲು ಬರೆದು ಹಳದಿ ಕೋಣೆಯ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದಳು. ಕುರ್ಚಿಯಲ್ಲಿ ಕೂತವರು ಮಾತಾಡಬಾರದು. ಮಕ್ಕಳನ್ನು ಮುಟ್ಟಬಾರದು. ಪಾಠ ಮುಗಿಯುವವರೆಗೆ ಏಳಬಾರದು. ಕುರ್ಚಿಯೂ ಮಕ್ಕಳದೇ, ಹನ್ನೊಂದು ಅಂಗುಲ ಎತ್ತರದ್ದು. ದೊಡ್ಡ ಕುರ್ಚಿ ಹಾಕಿಕೊಂಡರೆ ಹಿಂದೆ ಪೊಲೀಸು ಕೂತ ಹಾಗೆ ಕಾಣುತ್ತದೆ ಎಂದು ಅದನ್ನೂ ಅವಳೇ ಗೊತ್ತುಮಾಡಿದಳು. ಅವಳನ್ನು ಕಟ್ಟಿಹಾಕಿದ ಹಗ್ಗದ ಎಳೆಗಳನ್ನು ಹೊಸೆದವಳು ಅವಳೇ. ಅದು ಅವಳಿಗೆ ಗೊತ್ತಿತ್ತು, ನಿಯಮ ಸರಿ ಎಂಬುದೂ ಗೊತ್ತಿತ್ತು. ಬಿಡಿಸಿಕೊಳ್ಳಲು ಆಗದೆ ಹೋದದ್ದು ಅದಕ್ಕೇ.

ಬಾಯಿ ಕಟ್ಟಿದ ಮೇಲೆ ಕೈಗೆ ಕೆಲಸ ಬೇಕಾಯಿತು. ಕಳೆದುಹೋದ ವಸ್ತುಗಳ ಡಬ್ಬಿಯಲ್ಲಿ ಯಾರದೋ ಬಿಳಿಯ ಬೂಟುದಾರ ಸಿಕ್ಕಿತು. ಹೊಸ ಟೀಚರಿಗೆ ಹೇಳಲೇಬೇಕಾದ ಒಂದು ಮಾತು ಬಾಯಿಗೆ ಬಂದಾಗಲೆಲ್ಲ ಅದನ್ನು ನುಂಗಿ ದಾರಕ್ಕೆ ಒಂದು ಗಂಟು ಹಾಕುತ್ತಿದ್ದಳು. ಮಕ್ಕಳು ಹೋದ ಮೇಲೆ ಹೊಸ ಟೀಚರನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಗಂಟು ಬಿಚ್ಚುತ್ತಾ ಒಂದೊಂದೇ ಮಾತು ಹೇಳುತ್ತಿದ್ದಳು. ದಾರ ನೇರವಾಗದೆ ಇಬ್ಬರೂ ಮನೆಗೆ ಹೋಗುವಂತಿರಲಿಲ್ಲ. ಮಕ್ಕಳು ಅವಳಿಗೆ ಕುರ್ಚಿ ಅಜ್ಜಿ ಎಂದು ಹೆಸರಿಟ್ಟರು. ಮೇಜು, ಬೀರು, ಕುರ್ಚಿ ಅಜ್ಜಿ. ಅವರ ಮಟ್ಟಿಗೆ ಅವಳೂ ಕೋಣೆಯ ಸಾಮಾನುಗಳಲ್ಲಿ ಒಂದು.

ಒಂದು ವರ್ಷ ಎರಡಾಯಿತು, ಎರಡು ಐದಾಯಿತು. ಅವಳ ಕೈಯಲ್ಲಿ ಪಳಗಿದ ಟೀಚರುಗಳಿಗೆ ಊರಲ್ಲಿ ಬೆಲೆ ಬಂತು. ಬೇರೆ ಶಾಲೆಯವರು ಮನೆಗೇ ಹೋಗಿ ಕರೆಯುತ್ತಿದ್ದರು. ಚೆನ್ನಾಗಿ ಕಲಿತವರು ಬೇಗ ಹಾರಿಹೋಗುತ್ತಿದ್ದರು, ಅವರ ಜಾಗಕ್ಕೆ ಏನೂ ಬಾರದವರು ಬರುತ್ತಿದ್ದರು, ಅವರಿಗೆ ಕಲಿಸಲು ಮತ್ತೆ ದೊಡ್ಡಕ್ಕನೇ ಬೇಕಾಗುತ್ತಿದ್ದಳು. ಅವಳು ತನ್ನ ಕೆಲಸ ಕೆಟ್ಟದಾಗಿ ಮಾಡಿದ್ದರೆ ಎಂದೋ ಬಿಡುಗಡೆಯಾಗುತ್ತಿತ್ತು. ಕೆಟ್ಟದಾಗಿ ಮಾಡುವುದು ಅವಳಿಗೆ ಬರಲಿಲ್ಲ.

ಪ್ರತಿ ವರ್ಷದ ಕೊನೆಗೆ ಅವಳು ಮುಖ್ಯಸ್ಥೆಯ ಕೋಣೆಗೆ ಹೋಗುತ್ತಿದ್ದಳು.

"ಮೇಡಂ, ನನ್ನ ಕೋಣೆ."

"ನಾನು ಬೇಡ ಅಂದ್ನಾ? ನಿಮ್ಮ ಕುರ್ಚೀಲಿ ಕೂರೋರನ್ನ ನೀವೇ ತಯಾರು ಮಾಡಿ. ಸಿದ್ಧ ಅಂತ ಶೀಟಲ್ಲಿ ಬರೆದುಕೊಡಿ. ಮಾರನೇ ದಿನ ಹಳದಿ ಕೋಣೆ ನಿಮ್ದು." ಬೆರಳು ಮೇಲೆದ್ದಿರುತ್ತಿತ್ತು. "ಇನ್ನೊಂದೇ ವರ್ಷ ನೋಡಿ."

ಆಯಾ ಬಾಗಿಲಾಚೆ ಕಸಬರಿಗೆ ಹಿಡಿದು ನಿಂತು ಹೇಳುತ್ತಿದ್ದಳು, "ಆ ಮೇಡಂಗೆ ದೇವರು ಒಂದೇ ಬೆರಳು ಕೊಟ್ಟಿದ್ದಾನೆ ಅಕ್ಕ. ಎರಡನೇದು ಇದ್ದಿದ್ರೆ ಎರಡು ವರ್ಷ ಅನ್ನೋರು, ನಿಮಗೂ ಲೆಕ್ಕ ಸಿಗೋದು."

ಮನೆಯಲ್ಲಿ ಗಂಡ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಹನ್ನೊಂದು ಅಂಗುಲದ ಕುರ್ಚಿಯಿಂದ ದಿನಕ್ಕೊಂದು ಸಲ ಏಳುವುದು ಬೆಟ್ಟ ಹತ್ತಿದಷ್ಟು ಎಂದು ಆ ಮೊಣಕಾಲು ನೋಡಿಯೇ ಅವನಿಗೆ ಗೊತ್ತಾಗುತ್ತಿತ್ತು.

"ಇವತ್ತು ಯಾವ ಮಗು ಏನ್ಮಾಡ್ತೇ?"

"ಯಾವ ಮಗು ಅಂತ ಹೇಳ್ಲಿ ರೀ? ಎರಡು ಸುಳಿ ಇರೋದು ಅತ್ತಿತು. ದೊಡ್ಡ ಕಿವಿದು ಜೇಡಿಮಣ್ಣು ತಿಂತು. ನಂಗೆ ಕಾಣೋದು ಬೆನ್ನು, ಜುಟ್ಟು, ಕಿವಿ ಅಷ್ಟೇ. ರಸ್ತೇಲಿ ಎದುರಿಗೆ ಬಂದ್ರೆ ಗುರುತು ಸಿಗಲ್ಲ. ದಾಟಿ ಹೋದ ಮೇಲೆ, ಅಯ್ಯೋ ಇದು ನಮ್ಮ ಶಾಲೇದು ಅಂತ ಗೊತ್ತಾಗತ್ತೆ."

"ನಾನು ಮೂವತ್ತು ವರ್ಷ ಕನ್ನಡೀಲಿ ಜನರ ಮುಖ ನೋಡ್ದೆ. ನೀನು ಬೆನ್ನು ನೋಡ್ತಿದೀಯ. ಇಬ್ಬರನ್ನೂ ಸೇರಿಸಿ ಹೊಲಿದ್ರೆ ಒಬ್ಬ ಪೂರ್ತಿ ಮನುಷ್ಯ ಆಗ್ತಾನೆ ಬಿಡು."

ಅವಳು ನಗುತ್ತಿದ್ದಳು. ಆದರೆ ರಾತ್ರಿ ಊಟಕ್ಕೆ ತಟ್ಟೆಯಿಡುವಾಗ ಅವಳ ಬೆರಳುಗಳು ಗಾಳಿಯಲ್ಲೇ ಗಂಟು ಹಾಕುತ್ತಿದ್ದುದನ್ನು ಅವನು ನೋಡುತ್ತಿದ್ದ.

ಒಂಬತ್ತನೇ ವರ್ಷ ಮುಗಿದ ಮೇಲೆ ಗಡಿಬಿಡಿ ಬಂದಳು. ಹೆಸರಿಟ್ಟವಳು ಆಯಾ. ಹುಡುಗಿ ಮೊದಲ ದಿನ ಒಳಗೆ ಬರುವಾಗಲೇ ಬಾಗಿಲಿಗೆ ಛತ್ರಿ ಸಿಕ್ಕಿಸಿಕೊಂಡು, ಛತ್ರಿ ಬಿಡಿಸಲು ಹೋಗಿ ಚೀಲ ಬೀಳಿಸಿ, ಚೀಲ ಎತ್ತಲು ಬಗ್ಗಿ ಗೂಟಕ್ಕೆ ಹಣೆ ಬಡಿಸಿಕೊಂಡಳು. ಹತ್ತೊಂಬತ್ತು ಮಕ್ಕಳೂ ಇದನ್ನು ಮನರಂಜನೆ ಎಂದು ತಿಳಿದು ಚಪ್ಪಾಳೆ ತಟ್ಟಿದವು. ಆ ಸಂಜೆ ದಾರದಲ್ಲಿ ನಲವತ್ತೊಂದು ಗಂಟುಗಳಿದ್ದವು. ದಾರ ಕುಗ್ಗಿ ಗೇಣುದ್ದವೂ ಉಳಿದಿರಲಿಲ್ಲ.

"ಇದೆಲ್ಲಾ ನಂದಾ ಅಕ್ಕ?" ಗಡಿಬಿಡಿ ದಾರದ ಮೇಲೆ ಬೆರಳೋಡಿಸಿದಳು.

"ಒಂದು ನಂದು, ಕಾಲು ಜೋಮು ಹಿಡಿದಿದ್ದಕ್ಕೆ ಹಾಕ್ಕೊಂಡೆ. ಮಿಕ್ಕ ನಲವತ್ತು ನಿಂದೇ. ಕೂತ್ಕೋ." ದೊಡ್ಡಕ್ಕ ಮೊದಲ ಗಂಟಿಗೆ ಉಗುರು ಹಾಕಿದಳು. "ಕಥೆ ಪುಸ್ತಕ ಯಾರ ಕಡೆ ಹಿಡಿದಿದ್ದೆ?"

"ನನ್ನ ಕಡೆ. ಓದ್ಬೇಕಲ್ಲ?"

"ಚಿತ್ರ ನೀನು ನೋಡ್ದೆ. ಮಕ್ಕಳು ಇಪ್ಪತ್ತು ನಿಮಿಷ ರಟ್ಟು ನೋಡಿದ್ವು. ಕಥೆ ಬಾಯಿಗೆ ಬರಲಿ, ಪುಸ್ತಕ ಅವರ ಕಡೆ ತಿರುಗಲಿ. ಇದು ಒಂದು. ಆಮೇಲೆ, ಓಡಬೇಡಿ ಓಡಬೇಡಿ ಅಂತ ಎಷ್ಟು ಸಲ ಕೂಗ್ದೆ?"

"ತುಂಬಾ ಸಲ."

"ಎಷ್ಟು ಸಲ ಓಡಿದ್ರು?"

"ಅಷ್ಟೂ ಸಲ."

"ಓಡಬೇಡಿ ಅಂದ್ರೆ ಅವರಿಗೆ ಕೇಳ್ಸೋದು ಓಡು ಅನ್ನೋದೊಂದೇ. ನಡೀರಿ ಅನ್ನು. ಆನೆ ಹಾಗೆ ನಡೀರಿ ಅಂದ್ರೆ ಇನ್ನೂ ಒಳ್ಳೇದು. ಆನೆ ಅವಸರ ಮಾಡಲ್ಲ. ಇನ್ನು ಇದು... ಯಾರು ಯಾರಿಗೆ ಬಚ್ಚಲಿಗೆ ಹೋಗ್ಬೇಕು ಅಂತ ಎಲ್ಲರನ್ನೂ ಒಟ್ಟಿಗೆ ಕೇಳೋದನ್ನ ಯಾವ ಪುಣ್ಯಾತ್ಮರು ಕಲಿಸಿದ್ದು ನಿಂಗೆ?"

ಗಡಿಬಿಡಿ ಅಳುತ್ತಲೇ ನಕ್ಕಳು. ಹತ್ತೊಂಬತ್ತೂ ಮಕ್ಕಳು ಒಟ್ಟಿಗೆ ಕೈಯೆತ್ತಿದ್ದವು.

ಗಂಟುಗಳು ಕಡಿಮೆಯಾಗಲು ಬಹಳ ಕಾಲ ಹಿಡಿಯಿತು. ಅವಳನ್ನು ಬೇರೆ ಶಾಲೆಯವರು ಯಾರೂ ಕರೆಯಲಿಲ್ಲ. ಅಷ್ಟು ನಿಧಾನ. ಆದರೆ ಒಮ್ಮೆ ಬಿಚ್ಚಿದ ಗಂಟನ್ನು ಅವಳು ಎರಡನೇ ಸಲ ಹಾಕಿಸಿಕೊಳ್ಳುತ್ತಿರಲಿಲ್ಲ. ಉಳಿದದ್ದು ಒಂದೇ ಕೆಟ್ಟ ಚಾಳಿ. ಮಕ್ಕಳಿಗೆ ಏನಾದರೂ ಹೇಳಿ ಮುಗಿಸಿದ ಕೂಡಲೇ ಅವಳು ಹಿಂಬದಿಯ ಕುರ್ಚಿಯ ಕಡೆ ನೋಡುತ್ತಿದ್ದಳು, ಗಂಟು ಬಿತ್ತೋ ಇಲ್ಲವೋ ಎಂದು. ಮಕ್ಕಳೂ ಅವಳ ಕಣ್ಣು ಹೋದ ಕಡೆ ತಿರುಗುತ್ತಿದ್ದವು. ಪಾಠದ ಹೊತ್ತಿನಲ್ಲಿ ದೊಡ್ಡಕ್ಕ ದಾರವನ್ನು ಚೀಲದೊಳಗೆ ಇಟ್ಟುಕೊಂಡು ಕಣ್ಣಿಗೆ ಕಾಣದಂತೆ ಬೆರಳಲ್ಲೇ ಗಂಟು ಹಾಕಲು ಕಲಿತಳು. ಗಡಿಬಿಡಿ ಆಗ ಚೀಲದ ಕಡೆ ನೋಡತೊಡಗಿದಳು.

ಅವಳ ಎರಡನೇ ವರ್ಷದಲ್ಲಿ ಕೆಂಪು ಬೂಟಿನ ಹುಡುಗಿ ಸೇರಿದಳು. ನಾಲ್ಕು ವರ್ಷದ ಮಗು, ಅಕ್ಕನಿಗೆ ಸಣ್ಣದಾದ ಕೆಂಪು ಬೂಟು ಅವಳ ಕಾಲಿಗೆ ಬಂದಿತ್ತು. ಬೇರೆ ಮಕ್ಕಳ ಬೂಟುಗಳು ಪಟ್ಟಿ ಒತ್ತಿದರೆ ಅಂಟಿಕೊಳ್ಳುವಂಥವು, ದಾರ ಕಟ್ಟುವ ಬೂಟು ಅವಳದೊಂದೇ. ಬಂದ ದಿನವೇ ಮೇಜಿನ ಕೆಳಗೆ ಹೋಗಿ ಕೂತವಳು ಅದನ್ನೇ ಮನೆ ಮಾಡಿಕೊಂಡಳು. ಮಾತಿಲ್ಲ. ಹೆಸರು ಕೂಗಿದರೆ ಓಗೊಡುವುದಿಲ್ಲ. ಮನೆಯಲ್ಲಿ ಬಾಯಿ ಮುಚ್ಚುವುದೇ ಇಲ್ಲ ಎಂದು ಅವಳ ತಾಯಿ ಹೇಳುತ್ತಿದ್ದಳು.

ಗಡಿಬಿಡಿ ಒಂದು ವಾರ ಕರೆದಳು, ಗೊಂಬೆ ತೋರಿಸಿದಳು. ಆಮೇಲೆ ಒಂದು ದಿನ, ಉಳಿದ ಮಕ್ಕಳನ್ನು ಜೇಡಿಮಣ್ಣಿಗೆ ಕೂರಿಸಿ, ಗುಂಡಿಗಳ ಡಬ್ಬಿ ಹಿಡಿದು ತಾನೂ ಮೇಜಿನ ಕೆಳಗೆ ನುಸುಳಿದಳು. ಹತ್ತು ನಿಮಿಷ. ಮಾತಿಲ್ಲ, ಕಥೆಯಿಲ್ಲ. ಕೆಂಪು ಗುಂಡಿ ಒಂದು ಕಡೆ, ನೀಲಿ ಒಂದು ಕಡೆ ಇಟ್ಟು ಎದ್ದುಬಂದಳು. ದೊಡ್ಡಕ್ಕ ಅಂದು ಗಂಟು ಹಾಕಿದಳು, ಹದಿನೆಂಟು ಮಕ್ಕಳ ಮೇಲೆ ಕಣ್ಣಿಲ್ಲದೆ ಟೀಚರ್ ಮೇಜಿನ ಕೆಳಗಿರುವುದು ಸರಿಯಲ್ಲ ಎಂದು. ಮರುದಿನ ಮತ್ತೆ ಹತ್ತು ನಿಮಿಷ. ಹದಿನೆಂಟು ಮಕ್ಕಳು ಅಷ್ಟು ಹೊತ್ತೂ ತಮ್ಮ ಪಾಡಿಗೆ ಮಣ್ಣು ಮೆತ್ತುತ್ತಿದ್ದವು. ಎಷ್ಟೋ ದಿನ ಹೀಗೆ ನಡೆದ ಮೇಲೆ ದೊಡ್ಡಕ್ಕ ಆ ಗಂಟನ್ನು ಯಾರಿಗೂ ಹೇಳದೆ ತಾನೇ ಬಿಚ್ಚಿಹಾಕಿದಳು. ಹಾಗೆ ಹಿಂದೆ ಎಂದೂ ಮಾಡಿರಲಿಲ್ಲ.

ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಮೇಜಿನ ಕೆಳಗಿನಿಂದ ಒಂದು ದನಿ ಬಂತು.

"ನೀಲಿ ನಂದು."

ಇಡೀ ಕೋಣೆಗೆ ಕೇಳುವಷ್ಟು ಸ್ಪಷ್ಟವಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಚಪ್ಪಾಳೆ ತಟ್ಟಿ, ಶಭಾಷ್ ಎಂದು, ಮಗುವನ್ನು ಮತ್ತೆ ಐದು ತಿಂಗಳು ಚಿಪ್ಪಿನೊಳಗೆ ತಳ್ಳುತ್ತಿದ್ದರು. ಗಡಿಬಿಡಿ ಒಂದು ನೀಲಿ ಗುಂಡಿಯನ್ನು ಅತ್ತ ಸರಿಸಿದಳು. "ಸರಿ, ಹಾಗಾದ್ರೆ ಹಳದಿ ನಂದು" ಎಂದಳು. ಎದ್ದು ಬಂದು ಕೈ ಕೊಡವಿಕೊಂಡು ಜೇಡಿಮಣ್ಣಿನ ಕಡೆ ಹೋದಳು.

ಹಿಂಬದಿಯ ಕುರ್ಚಿಯ ಕಡೆ ನೋಡಲೇ ಇಲ್ಲ.

ಅದಕ್ಕಾಗಿ ದೊಡ್ಡಕ್ಕ ಹನ್ನೊಂದು ವರ್ಷ ಕಾದಿದ್ದಳು. ಕುರ್ಚಿ ಬೇಡವಾದವಳಿಗೆ ಮಾತ್ರ ಕುರ್ಚಿಯಲ್ಲಿ ಕೂರುವ ಯೋಗ್ಯತೆ ಬರುತ್ತದೆ. ನಿವೃತ್ತಿಗೆ ಇನ್ನೊಂದು ವರ್ಷ ಬಾಕಿಯಿತ್ತು. ಆ ಸಂಜೆ ಅವಳು ಮುಖ್ಯಸ್ಥೆಗೆ ಹೇಳಿದಳು, ಮುಖ್ಯಸ್ಥೆ ಒಪ್ಪಿದಳು. ಮೊದಲು ಒಂದು ದಿನ ಪರೀಕ್ಷೆಗೆಂದು ಗಡಿಬಿಡಿ ಹಸಿರು ಕೋಣೆಯಲ್ಲಿ ಇನ್ನೊಬ್ಬ ಹೊಸ ಟೀಚರಿನ ಹಿಂದೆ ಕೂರಬೇಕು, ಹಳದಿ ಕೋಣೆಯನ್ನು ಅಂದು ದೊಡ್ಡಕ್ಕ ನೋಡಿಕೊಳ್ಳಬೇಕು. ಅದಾದ ಮೇಲೆ ಶೀಟು.

ಗಂಡನಿಗೆ ಹೇಳಿದಾಗ ಅವನು ಎದ್ದು ಹೋಗಿ ಪೆಟ್ಟಿಗೆಯ ತಳದಿಂದ ಅವಳ ಹಳೆಯ ಏಪ್ರನ್ ತೆಗೆದ. ಒಗೆದು, ಇಸ್ತ್ರಿ ಮಾಡಿ, ಬಾಗಿಲ ಮೊಳೆಗೆ ನೇತುಹಾಕಿದ. ಜೇಬಿನ ಹೊಲಿಗೆ ಬಿಟ್ಟಿದ್ದ ಕಡೆ ಅವನೇ ನಾಲ್ಕು ಹೊಲಿಗೆ ಹಾಕಿದ್ದ, ಡೊಂಕುಡೊಂಕಾಗಿ.

"ಅಂತೂ ಮುಖ ನೋಡ್ತೀಯ" ಎಂದ.

ಮುಖ ನೋಡಿದಳು. ಮೂರು ವಾರದ ಮೇಲೆ, ಪರೀಕ್ಷೆಯ ದಿನ ಬೆಳಿಗ್ಗೆ ಎಂಟೂವರೆಗೆ ಹತ್ತೊಂಬತ್ತು ಮುಖಗಳು ಅವಳ ಕಡೆ ತಿರುಗಿದಾಗ ಯಾರು ಯಾರೆಂದು ಅವಳಿಗೆ ಗೊತ್ತಾಗಲಿಲ್ಲ. ಎರಡು ಸುಳಿಯ ಹುಡುಗನಿಗೆ ಮುಂದಿನ ಹಲ್ಲಿರಲಿಲ್ಲ. ದೊಡ್ಡ ಕಿವಿಯ ಮಗುವಿನ ಕೆನ್ನೆಯಲ್ಲಿ ಕುಳಿ ಬೀಳುತ್ತಿತ್ತು. ಇಷ್ಟು ದಿನ ಇದನ್ನೆಲ್ಲ ಗೋಡೆಗೆ ತೋರಿಸುತ್ತಿದ್ದವಲ್ಲ ಇವು ಎನ್ನಿಸಿತು. ನೆಲದಲ್ಲಿ ಕೂತು ಜೇಬಿನೊಳಗೆ ನೋಡಿದಳು. ಮಕ್ಕಳು ಬಂದವು, ಉಸಿರು ಬಿಗಿಹಿಡಿದವು. ಕೈ ಏನನ್ನೂ ಮರೆತಿರಲಿಲ್ಲ.

ಜೇಬಿನ ಸುತ್ತ ಬಂದದ್ದು ಹದಿನೆಂಟು ಮಕ್ಕಳು. ಕೆಂಪು ಬೂಟಿನ ಹುಡುಗಿ ಮೇಜಿನ ಕೆಳಗೆ ಕೂತು ಬಾಗಿಲ ಕಡೆಯೇ ನೋಡುತ್ತಿದ್ದಳು. ಎರಡು ವಾರದಿಂದ ಅವಳು ಮೇಜಿನ ಕೆಳಗೆ ಹೋಗುವುದನ್ನು ಬಿಟ್ಟಿದ್ದಳು. ದೊಡ್ಡಕ್ಕ ಹತ್ತು ಗಂಟೆಯವರೆಗೆ ಕಾದಳು. ಆಮೇಲೆ ಗುಂಡಿಯ ಡಬ್ಬಿ ತೆಗೆದುಕೊಂಡು, ಮೊಣಕಾಲು ಮುರಿದು ಬೀಳುವಂತೆ ನೋಯುತ್ತಿದ್ದರೂ ಮೇಜಿನ ಕೆಳಗೆ ನುಸುಳಿದಳು. ಮಾತಾಡಲಿಲ್ಲ. ಕೆಂಪು ಒಂದು ಕಡೆ, ನೀಲಿ ಒಂದು ಕಡೆ. ಒಂದು ನೀಲಿ ಗುಂಡಿಯನ್ನು ಮಗುವಿನ ಕಡೆ ಸರಿಸಿದಳು.

ಮಗು ಗುಂಡಿಯನ್ನು ನೋಡಿತು. ಅವಳನ್ನು ನೋಡಿತು. ಆಮೇಲೆ ಕೋಪವಿಲ್ಲದೆ, ದಾರಿ ತಪ್ಪಿದವರಿಗೆ ದಾರಿ ತೋರಿಸುವ ಹಾಗೆ, ಹಿಂದಿನ ಗೋಡೆಯ ಕಡೆ ಬೆರಳು ಮಾಡಿತು.

"ನೀನು ಕುರ್ಚಿ ಅಜ್ಜಿ. ನಿನ್ನ ಜಾಗ ಅಲ್ಲಿ."

ಗುಂಡಿಯನ್ನು ವಾಪಸು ತಳ್ಳಿತು.

ಸಂಜೆ ಗಡಿಬಿಡಿ ಹಸಿರು ಕೋಣೆಯಿಂದ ತನ್ನದೇ ಒಂದು ದಾರ ಹಿಡಿದು ಬಂದಳು. ಹದಿನಾರು ಗಂಟು ಹಾಕಿದ್ದಳು, ಹದಿನಾರೂ ಸರಿ. ಒಂದನ್ನೂ ದೊಡ್ಡಕ್ಕ ತೆಗೆದುಹಾಕುವಂತಿರಲಿಲ್ಲ. ಆದರೆ ಹುಡುಗಿಯ ಎರಡು ಕೈಗಳೂ ಮಡಿಲಲ್ಲಿ ಬಿಗಿಯಾಗಿ ಹೆಣೆದುಕೊಂಡಿದ್ದವು.

"ಅಕ್ಕ, ಒಂದು ಮಗು ಕಣ್ಣೆದುರಿಗೇ ಬಿತ್ತು. ನಾನು ಏಳೋ ಹಾಗಿರಲಿಲ್ಲ. ನೀವು ಹೆಂಗೆ ಇಷ್ಟು ವರ್ಷ..." ಎಂದು ಅರ್ಧಕ್ಕೆ ನಿಲ್ಲಿಸಿ ಕೇಳಿದಳು, "ನನ್ನ ಕೆಂಪು ಬೂಟು ಏನ್ಮಾಡಿದ್ಲು ಇವತ್ತು?"

"ಆಡಿದ್ಲು" ಎಂದಳು ದೊಡ್ಡಕ್ಕ. ಅದು ಮೊದಲ ಸುಳ್ಳು.

ಎರಡನೆಯದು ಶೀಟಿನಲ್ಲಿ ಬರೆದದ್ದು. ಕೊನೆಯ ಸಾಲಿನಲ್ಲಿ ಎರಡು ಚೌಕಗಳಿರುತ್ತಿದ್ದವು, ಸಿದ್ಧ ಮತ್ತು ಇನ್ನೂ ಇಲ್ಲ. ಅವಳು ಪೆನ್ನು ಹಿಡಿದಳು. ಗೂಟಗಳನ್ನು ನೋಡಿದಳು, ಮರಳಿನ ತೊಟ್ಟಿಯನ್ನು ನೋಡಿದಳು. ತೊಟ್ಟಿಯನ್ನು ಬಿಸಿಲಿಗೆ ಸರಿಸಬೇಕು, ಪುಸ್ತಕದ ಗೂಡನ್ನು ಮೂಲೆಗೆ ತರಬೇಕು ಎಂದು ಲೆಕ್ಕ ಹಾಕಿಯಾಗಿತ್ತು. ಒಂದು ವರ್ಷಕ್ಕಾಗಿ. ಆ ಒಂದು ವರ್ಷಕ್ಕೆ ಗಡಿಬಿಡಿ ಇಪ್ಪತ್ತೋ ಮೂವತ್ತೋ ವರ್ಷ ಬೆನ್ನು ನೋಡಬೇಕಾಗುತ್ತಿತ್ತು, ಏಕೆಂದರೆ ಅವಳೂ ಆ ಕೆಲಸವನ್ನು ಕೆಟ್ಟದಾಗಿ ಮಾಡಲಾರಳು. ಇನ್ನೂ ಇಲ್ಲ ಎಂಬ ಚೌಕದಲ್ಲಿ ಗುರುತು ಹಾಕಿ, ಕೈಯಲ್ಲಿದ್ದ ದಾರಕ್ಕೆ ಒಂದು ಗಂಟು ಹಾಕಿಕೊಂಡಳು.

ಶೀಟನ್ನು ಮೊದಲು ಹೊಸ ಟೀಚರೇ ಓದಿ ಸಹಿ ಮಾಡಬೇಕು. ಗಡಿಬಿಡಿ ಎರಡು ಸಲ ಓದಿದಳು.

"ಏನು ಕಮ್ಮಿ ಅಕ್ಕ?"

"ನಿನ್ನ ದನಿ ಇನ್ನೂ ಸ್ವಲ್ಪ..."

"ದನಿ ಗಂಟು ಬಿಚ್ಚಿ ಒಂದು ವರ್ಷ ಆಯ್ತು."

"ಅವಸರ ಇನ್ನೂ ಹೋಗಿಲ್ಲ ನಿಂಗೆ."

"ಸುಳ್ಳು. ನೀವು ಸುಳ್ಳು ಹೇಳುವಾಗ ಕಿಟಕಿ ನೋಡ್ತೀರ, ಹೀಗೇ. ಎರಡು ವರ್ಷ ದಿನಾ ನಿಮ್ಮ ಎದುರಿಗೆ ಕೂತಿದೀನಿ, ಅಷ್ಟು ಗೊತ್ತಾಗಲ್ವಾ ನಂಗೆ? ನಿಮ್ಮ ಕೋಣೆ ನಿಮಗೆ ಸಿಗಲಿ ಅಂತಾನೇ ನಾನು... ಆಯಾ ಎಲ್ಲಾ ಹೇಳಿದಾಳೆ ನಂಗೆ. ಯಾವ ಗಂಟು ಉಳಿದಿದೆ ತೋರಿಸಿ, ಇವತ್ತೇ ಬಿಚ್ಚಿ."

ದೊಡ್ಡಕ್ಕ ದಾರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ನಿಜ ಹೇಳಿದ್ದರೆ ಹುಡುಗಿ ನೇರ ಮುಖ್ಯಸ್ಥೆಯ ಬಳಿ ಹೋಗಿ ತಾನೇ ಕುರ್ಚಿ ಕೇಳಿ ತೆಗೆದುಕೊಳ್ಳುತ್ತಿದ್ದಳು. ಹಿಡಿದ ಹಟ ಬಿಡುವ ಜಾತಿಯಲ್ಲ.

"ಸಹಿ ಮಾಡು ಕಣಮ್ಮ."

ಗಡಿಬಿಡಿ ಸಹಿ ಮಾಡಿದಳು. ಪೆನ್ನಿನ ಮುಚ್ಚಳ ಬೀಳಲಿಲ್ಲ, ಕುರ್ಚಿ ಎಡವಲಿಲ್ಲ. ಬಾಗಿಲನ್ನು ಸದ್ದಿಲ್ಲದೆ ಎಳೆದುಕೊಂಡು ಹೋದಳು.

ಮುಖ್ಯಸ್ಥೆ ಶೀಟು ನೋಡಿ, "ಅಯ್ಯೋ ಪಾಪ, ಇನ್ನೂ ಇಲ್ವಾ?" ಎಂದಳು. ಮುಖದಲ್ಲಿ ಅಂಥ ಪಾಪವೇನೂ ಕಾಣಲಿಲ್ಲ. "ಸರಿ ಬಿಡಿ, ನೀವೇ ಇರಿ. ಇನ್ನು ಒಂದೇ ವರ್ಷ ತಾನೇ." ಈ ಸಲ ಬೆರಳಿನ ಲೆಕ್ಕ ನಿಜವಾಗಿತ್ತು.

ಮನೆಯಲ್ಲಿ ಏಪ್ರನ್ ಮೊಳೆಯ ಮೇಲೇ ಇತ್ತು.

"ಏನಾಯ್ತೇ? ಕೊಡ್ಲಿಲ್ವಾ?"

"ನಾನು ತಗೊಳ್ಳಿಲ್ಲ ರೀ."

ಅವನು ಎಣ್ಣೆಯ ಬಾಟಲಿ ತಂದ. ಮೊಣಕಾಲು ತಿಕ್ಕುತ್ತಾ ಹೇಳಿದ, "ಡ್ರೈವರ್ ಸೀಟು ಕೊಟ್ರೂ ಬೇಡ ಅಂದು ಮೆಟ್ಟಿಲ ಮೇಲೆ ನಿಂತ್ಕೊಳೋರನ್ನ ಮೂವತ್ತು ವರ್ಷದಲ್ಲಿ ನೋಡಿರಲಿಲ್ಲ."

"ಮೆಟ್ಟಿಲ ಮೇಲೆ ನಿಂತ್ರೂ ಬಸ್ಸು ಹೋಗತ್ತಲ್ಲ."

ಏಪ್ರನ್ನನ್ನು ಪೆಟ್ಟಿಗೆಗೆ ಹಾಕುವ ಮನಸ್ಸು ಅವನಿಗೆ ಬರಲಿಲ್ಲ.

ಎಂಟು ದಿನ ಗಡಿಬಿಡಿ ಸಂಜೆಯ ಹೊತ್ತು ಅವಳ ಎದುರಿಗೆ ಕೂರಲಿಲ್ಲ. ಕೂರುವ ಕಾರಣವೂ ಇರಲಿಲ್ಲ, ಹೊಸ ಗಂಟು ಒಂದೂ ಬಿದ್ದಿರಲಿಲ್ಲ. ಬೆಳಿಗ್ಗೆ "ನಮಸ್ತೆ" ಎಂದಷ್ಟೇ ಹೇಳಿ ಮಕ್ಕಳ ಕಡೆ ತಿರುಗುತ್ತಿದ್ದಳು. ಪಾಠ ಹೂವು ಎತ್ತಿದ ಹಾಗೆ ನಡೆಯುತ್ತಿತ್ತು. ದೊಡ್ಡಕ್ಕ ಗೋಡೆಗೆ ಒರಗಿ ಹತ್ತೊಂಬತ್ತು ಬೆನ್ನುಗಳನ್ನು ನೋಡುತ್ತಾ ಕೂರುತ್ತಿದ್ದಳು. ಒಂದು ದಿನ ಆ ಮುಖಗಳನ್ನು ನೋಡಿಬಿಟ್ಟಿದ್ದರಿಂದ ಈಗ ಅದು ಮೊದಲಿಗಿಂತ ಕಷ್ಟವಾಗಿತ್ತು. ಎರಡು ಸುಳಿ ಅಲುಗಿದರೆ ಆಚೆ ಹಲ್ಲಿಲ್ಲದ ಬಾಯಿ ನಗುತ್ತಿದೆ ಎಂದು ತಿಳಿಯುತ್ತಿತ್ತು. ಬೆರಳು ಮತ್ತೆ ಮತ್ತೆ ಆ ಒಂದು ಗಂಟಿನ ಮೇಲೆ ಹೋಗುತ್ತಿತ್ತು. ಅದು ಬೆವರು ಕುಡಿದು ಕಲ್ಲಾಗಿತ್ತು.

ಆ ಬುಧವಾರ ಶಾಲೆ ಬಿಡುವ ಹೊತ್ತಿಗೆ ಗಡಿಬಿಡಿ ಮಕ್ಕಳನ್ನು ಆನೆಗಳ ಹಾಗೆ ಸಾಲಾಗಿ ನಡೆಸಿಕೊಂಡು ಗೇಟಿಗೆ ಹೋದಳು. ಕೆಂಪು ಬೂಟಿನ ಹುಡುಗಿ ಗೂಟದ ಬಳಿ ಹಿಂದುಳಿದಳು. ಎಳೆದ ರಭಸಕ್ಕೆ ಎಡಗಾಲಿನ ದಾರ ಕಿತ್ತುಬಂದಿತ್ತು. ಅದನ್ನು ಕೈಯಲ್ಲಿ ಹಿಡಿದು ಸುತ್ತ ನೋಡಿದಳು. ಕೋಣೆಯಲ್ಲಿ ಇನ್ನು ಯಾರೂ ಇರಲಿಲ್ಲ. ಕುರ್ಚಿಯ ಬಳಿ ಬಂದಳು.

"ಕುರ್ಚಿ ಅಜ್ಜಿ, ಹರಿದೋಯ್ತು."

ಬೀರುವಿನ ಬಾಗಿಲು ತೆರೆದೇ ಇತ್ತು. ಒಳಗಿನ ಕಾಗದ ಹಳದಿಗಟ್ಟಿತ್ತು, ಮೂರು ಸಾಲೂ ಚೆನ್ನಾಗಿ ಕಾಣುತ್ತಿದ್ದವು. ದೊಡ್ಡಕ್ಕ ಅದನ್ನು ಓದುವವಳ ಹಾಗೆ ನೋಡಿದಳು. ಆಮೇಲೆ ಚೀಲದಿಂದ ತನ್ನ ದಾರ ತೆಗೆದಳು. ಗಂಟು ಉಗುರಿಗೆ ಬಗ್ಗಲಿಲ್ಲ. ಹಲ್ಲು ಹಾಕಿದಳು.

"ಅದರಲ್ಲಿ ಏನಿದೆ?" ಮಗು ಬಗ್ಗಿ ನೋಡಿತು.

"ಒಂದು ಮಾತು."

"ಯಾರ್ದು?"

"ನಿಮ್ಮ ಮಿಸ್‌ದು."

"ಬಿಚ್ಚಿದ್ರೆ ಓಡಿಹೋಗತ್ತಾ?"

"ಹೋಗಲಿ ಬಿಡು."

ಗಂಟು ಸಡಿಲವಾಯಿತು. ಅವಳು ದಾರವನ್ನು ತೊಡೆಯ ಮೇಲೆ ಎಳೆದು ನೇರ ಮಾಡಿದಳು, ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿಕೊಂಡಳು. ಕೆಂಪು ಬೂಟನ್ನು ಮಡಿಲಿಗೆ ಎತ್ತಿಕೊಂಡು ಒಂದೊಂದೇ ಕಣ್ಣಿಗೆ ಪೋಣಿಸಿದಳು. ಎರಡು ಕುಣಿಕೆ ಮಾಡಿ, ಒಂದರ ಮೇಲೊಂದು ಹಾಯಿಸಿ, ಎಳೆದಳು. ಉಳಿದ ಉದ್ದವನ್ನು ಎಡವದಂತೆ ಒಳಗೆ ಸಿಕ್ಕಿಸಿದಳು. ಮಗು ಕಾಲು ನೆಲಕ್ಕೆ ಎರಡು ಸಲ ಬಡಿದು ನೋಡಿತು. ಒಂದು ಬೂಟಿಗೆ ಕಪ್ಪು ದಾರ, ಒಂದಕ್ಕೆ ಬಿಳಿ. ಅವಳ ಕಡೆ ಮುಖವೆತ್ತಿ ಅಲ್ಲೇ ನಿಂತುಕೊಂಡಿತು, ಇನ್ನೂ ಏನೋ ಹೇಳುವುದಿದೆ ಎನ್ನುವ ಹಾಗೆ.

ದೊಡ್ಡಕ್ಕ ಎರಡು ಕೈಯಲ್ಲೂ ಮಗುವಿನ ಭುಜ ಹಿಡಿದು, ಮೆಲ್ಲಗೆ ಬಾಗಿಲ ಕಡೆ ತಿರುಗಿಸಿದಳು.

"ಮಿಸ್ ಅಲ್ಲಿದಾರೆ. ಹೋಗು."